ಕಟ್ಟಡಕ್ಕೊಂದು ಸ್ವಂತ ಸಬ್‌ಸ್ಟೇಷನ್: ಕರಾವಳಿ ಓದುಗರ ಪ್ರಶ್ನೆಗಳಿಗೆ ಉತ್ತರ

ಮಂಗಳೂರು, ಉಡುಪಿ ಭಾಗದಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮೆಸ್ಕಾಂನಿಂದ (ನಮ್ಮ ಭಾಗದ ವಿದ್ಯುತ್ ವಿತರಣಾ ಕಂಪನಿ) 11 ಕೆ.ವಿ. (11,000 ವೋಲ್ಟ್) ಸಂಪರ್ಕ ಪಡೆದು ಕಟ್ಟಡದ ಆವರಣದಲ್ಲೇ ಸ್ವಂತ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳುವಾಗ ಏನೇನು ನೋಡಬೇಕು ಎಂಬುದು. ಮೀಟರಿನಿಂದ ಆಚೆಗೆ ಕೇಬಲ್, ಬ್ರೇಕರ್, ಟ್ರಾನ್ಸ್‌ಫಾರ್ಮರ್, ಅರ್ಥಿಂಗ್ ಎಲ್ಲದಕ್ಕೂ ಮಾಲೀಕರೇ ಹೊಣೆ. ನಮ್ಮ ಕಡೆ ಇಂಥ ಸಬ್‌ಸ್ಟೇಷನ್ ಕೆಡುವುದು ಕೆವಿಎ (ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ) ಲೆಕ್ಕ ತಪ್ಪಿದ್ದರಿಂದಲ್ಲ. ನೀರು, ಉಪ್ಪುಗಾಳಿ, ಮುರಕಲ್ಲು (ಜಂಬಿಟ್ಟಿಗೆ) ಈ ಮೂರನ್ನು ನಕ್ಷೆ ಮಾಡುವಾಗ ಮರೆತಿರುತ್ತಾರೆ. ಅದಕ್ಕೇ ಆ ಪತ್ರಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಕದ್ರಿ ಸಮೀಪ ವಾಣಿಜ್ಯ ಸಂಕೀರ್ಣ ಕಟ್ಟುತ್ತಿದ್ದೇವೆ. 1000 ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕು. ನೆಲಮಹಡಿಯ ಜಾಗಕ್ಕೆ ಒಳ್ಳೆಯ ಬಾಡಿಗೆ ಸಿಗುವುದರಿಂದ ಸಬ್‌ಸ್ಟೇಷನ್ನನ್ನು ಎರಡನೇ ಬೇಸ್‌ಮೆಂಟಿಗೆ ಇಳಿಸಿ ಎನ್ನುತ್ತಿದ್ದಾರೆ ಮಾಲೀಕರು. ಮಾಡಬಹುದೇ? (ಸೈಟ್ ಇಂಜಿನಿಯರ್, ಮಂಗಳೂರು)

ಉತ್ತರ: ಎರಡನೇ ಬೇಸ್‌ಮೆಂಟ್ ಬೇಡವೇ ಬೇಡ. ಪಂಪು ನಿಂತ ದಿನ ಇಡೀ ಕಟ್ಟಡದ ನೀರೆಲ್ಲ ಬಂದು ಸೇರುವುದು ಅತಿ ಕೆಳಗಿನ ಮಹಡಿಗೆ. ಪಂಪಿಗೆ ಕರೆಂಟು ಕೊಡುವ ಸಬ್‌ಸ್ಟೇಷನ್ನೇ ಅಲ್ಲಿದ್ದರೆ ಮೊದಲು ಮುಳುಗುವುದೂ ಅದೇ. ನೆಲಮಟ್ಟದಲ್ಲಿ, ಹೊರಗಿನಿಂದಲೇ ಬಾಗಿಲು ತೆರೆಯುವ ಕೋಣೆ ಮೊದಲ ಆಯ್ಕೆ. ಮಾಲೀಕರು ಒಪ್ಪಲೇ ಇಲ್ಲವೆಂದರೆ ಮೊದಲನೇ ಬೇಸ್‌ಮೆಂಟ್. ಅದಕ್ಕಿಂತ ಕೆಳಗೆ ಹೋಗಬೇಡಿ.

ವಾಸದ ಅಥವಾ ವಾಣಿಜ್ಯ ಕಟ್ಟಡದ ಒಳಗೆ ಮಾಮೂಲಿ ಮಿನರಲ್ ಆಯಿಲ್ ತುಂಬಿದ ಟ್ರಾನ್ಸ್‌ಫಾರ್ಮರ್ ಇಡುವಂತಿಲ್ಲ, ಡ್ರೈ ಟೈಪ್ (ಎಣ್ಣೆಯಿಲ್ಲದ್ದು) ಬೇಕು. ಅದರಲ್ಲಿ ಸುರುಳಿಗೆ ರಾಳ ಎರೆದ ಕಾಸ್ಟ್ ರೆಸಿನ್ ಬಗೆಯದನ್ನು ತರಿಸುವಾಗ ಆರ್ಡರಿನಲ್ಲಿ ಪರಿಸರ ವರ್ಗ ಇ2 ಎಂದು ಬರೆಯಿಸಿ. ಪದೇ ಪದೇ ನೀರಾವಿ ಕಟ್ಟುವ ಜಾಗಕ್ಕೆ ಪರೀಕ್ಷಿಸಿದ ವರ್ಗವದು. ಬರೆಯದಿದ್ದರೆ ಒಣ ಹವೆಗೆ ಸಾಕಾಗುವ ಇ0 ಬಂದರೂ ನೀವು ಆಕ್ಷೇಪಿಸುವಂತಿಲ್ಲ. ಬೆಂಕಿಯ ವರ್ಗ ಎಫ್1 ಇರಲಿ.

ಇನ್ನು ನೀರಿನ ದಾರಿ. ಬೇಸ್‌ಮೆಂಟ್ ಕೋಣೆಗೆ ನೀರು ಬರುವುದು ಬಾಗಿಲಿನಿಂದ ಎಂದು ಎಲ್ಲರೂ ಎಣಿಸುತ್ತಾರೆ. ಹೆಚ್ಚಾಗಿ ಬರುವುದು 11 ಕೆ.ವಿ. ಕೇಬಲ್ ಒಳಗೆ ನುಗ್ಗುವ ಪೈಪಿನಿಂದ. ರಸ್ತೆ ಬದಿಯ ಚೇಂಬರ್ ಜೂನ್‌ನಲ್ಲಿ ತುಂಬುತ್ತದೆ. ಅಲ್ಲಿಂದ ಗೋಡೆಯ ತನಕ ಪೈಪು ಒಳಮುಖವಾಗಿ ಇಳಿಜಾರಾಗಿದ್ದರೆ ನೀರು ಸೀದಾ ಪ್ಯಾನೆಲಿನ ಕೆಳಗಿನ ಟ್ರೆಂಚಿಗೆ ಸುರಿಯುತ್ತದೆ. ಪೈಪಿನ ಬಾಯಿಗೆ ಫೋಮ್ ಅಥವಾ ಸಿಮೆಂಟ್ ಮೆತ್ತಿ ಕೈತೊಳೆದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಆಮೇಲೆ ಕೇಬಲ್ ಸ್ವಲ್ಪ ಅಲುಗಿದರೂ ಆ ಸಿಮೆಂಟ್ ಬಿರಿಯುತ್ತದೆ. ಸರಿಯಾದ ಕ್ರಮ ಹೀಗೆ: ಗೋಡೆಯ ಹೊರಗೆ ಒಂದು ಚೇಂಬರ್ ಕಟ್ಟಿ, ಅದರ ತಳ ಪೈಪಿನ ಬಾಯಿಗಿಂತ ಕನಿಷ್ಠ 300 ಮಿ.ಮೀ. ಕೆಳಗಿರಲಿ. ಆ ತಳದಿಂದ ಮಳೆನೀರಿನ ಚರಂಡಿಗೆ ದಾರಿ ಮಾಡಿ. ಪೈಪು ಹೊರಮುಖವಾಗಿ ಇಳಿಜಾರಾಗಿರಲಿ. ಗೋಡೆಯಲ್ಲಿ ರಬ್ಬರ್ ಬ್ಲಾಕುಗಳನ್ನು ಬೋಲ್ಟಿನಿಂದ ಬಿಗಿಯುವ ಸೀಲ್ ಹಾಕಿ. ಮುಂದೆ ಬೇಕಾದೀತೆಂದು ಬಿಟ್ಟ ಖಾಲಿ ಪೈಪಿಗೂ ಅದೇ ಸೀಲ್ ಬೇಕು. ಎಷ್ಟೋ ಕಡೆ ನೀರು ಬರುವುದು ಆ ಖಾಲಿ ಪೈಪಿನಿಂದಲೇ.

ಕೋಣೆಯ ನೆಲ ಸುತ್ತಲಿನ ಬೇಸ್‌ಮೆಂಟ್ ನೆಲಕ್ಕಿಂತ 450 ಮಿ.ಮೀ. ಎತ್ತರದಲ್ಲಿರಲಿ. ರ‍್ಯಾಂಪಿನ ತಲೆಯಲ್ಲಿ ಒಂದು ದಿಬ್ಬ, ಅದರ ಹಿಂದೆ ಅಡ್ಡ ಚರಂಡಿ ಬೇಕು. ಸಂಪಿನಲ್ಲಿ ಎರಡು ಪಂಪು ಇರಲಿ, ಎರಡಕ್ಕೂ ಜನರೇಟರ್ ಕಡೆಯಿಂದ ಸಪ್ಲೈ ಇರಲಿ. ಕೋಣೆಯ ಮೇಲೆ ಶೌಚಾಲಯ, ನೀರಿನ ಟ್ಯಾಂಕ್, ಅಡುಗೆಮನೆ ಬರದಂತೆ ಆರ್ಕಿಟೆಕ್ಟ್ ಹತ್ತಿರ ಈಗಲೇ ಗೆರೆ ಹಾಕಿಸಿ. ಮುರಕಲ್ಲಿನ ಗುಡ್ಡ ಕಡಿದು ಕಟ್ಟಿದ ರಿಟೇನಿಂಗ್ ಗೋಡೆ ಮಳೆಗಾಲದಲ್ಲಿ ಜಿನುಗುವುದು ಖಚಿತ. ಪ್ಯಾನೆಲ್ ಆ ಗೋಡೆಗೆ ತಾಗಿರಬಾರದು.

ಶಾಖವನ್ನೂ ಲೆಕ್ಕ ಹಾಕಿ. 1000 ಕೆವಿಎ ಟ್ರಾನ್ಸ್‌ಫಾರ್ಮರ್ ಪೂರ್ಣ ಲೋಡಿನಲ್ಲಿ 12 ಕಿ.ವ್ಯಾ. ಶಾಖ ಬಿಡುತ್ತದೆ ಎಂದುಕೊಂಡರೆ, ಕೋಣೆಯ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗೂ ಹೆಚ್ಚು ಏರದಿರಲು ಸೆಕೆಂಡಿಗೆ 1 ಘನ ಮೀಟರ್, ಅಂದರೆ ಗಂಟೆಗೆ 3600 ಘನ ಮೀಟರ್ ಗಾಳಿ ಓಡಾಡಬೇಕು. ಏಪ್ರಿಲ್ ಸೆಖೆಯಲ್ಲಿ ಹೊರಗೇ 35 ಡಿಗ್ರಿ ಇರುವಾಗ ಒಂದು ಮೂಲೆಯ ಸಣ್ಣ ಎಕ್ಸಾಸ್ಟ್ ಫ್ಯಾನ್ ಏನೂ ಸಾಲದು. ಗಾಳಿ ಒಳಬರುವ ಕಿಂಡಿ ತಗ್ಗಿನಲ್ಲಿ, ಹೋಗುವ ಕಿಂಡಿ ಎದುರು ಗೋಡೆಯ ಎತ್ತರದಲ್ಲಿ ಇರಲಿ. ಒಳಬರುವ ಕಿಂಡಿ ಪಡುವಣಕ್ಕೆ ಮುಖ ಮಾಡದಿರಲಿ, ಮಳೆಯೂ ಉಪ್ಪೂ ಬರುವುದು ಆ ಕಡೆಯಿಂದ. ಲೂವರ್ ಮತ್ತು ಇಲಿ ಬಲೆ ಕಿಂಡಿಯ ಸುಮಾರು ಅರ್ಧದಷ್ಟನ್ನು ಮುಚ್ಚುತ್ತವೆ ಎಂದಿಟ್ಟುಕೊಂಡೇ ಅಳತೆ ಕೊಡಿ.

ಕೊನೆಯದಾಗಿ, ಹೊರತೆಗೆಯುವ ದಾರಿ. 1000 ಕೆವಿಎ ಡ್ರೈ ಟ್ರಾನ್ಸ್‌ಫಾರ್ಮರ್ ಸುಮಾರು 3 ಟನ್ ತೂಗುತ್ತದೆ. ಕಟ್ಟುವಾಗ ಮೇಲಿನ ಚಪ್ಪಡಿ ಹಾಕುವ ಮೊದಲು ಕ್ರೇನಿನಲ್ಲಿ ಇಳಿಸಿಬಿಡುತ್ತಾರೆ. ಹತ್ತು ವರ್ಷದ ಮೇಲೆ ಅದು ಸುಟ್ಟರೆ ರ‍್ಯಾಂಪಿನ ಬೀಮು, ಸ್ಪ್ರಿಂಕ್ಲರ್ ಪೈಪು, ಎಸಿ ಡಕ್ಟ್ ದಾಟಿ ಹೊರಗೆ ಬರುವುದಿಲ್ಲ. ಬಾಗಿಲು, ತಿರುವು, ಎತ್ತರ, ಚಪ್ಪಡಿಯ ತಾಳಿಕೆ ಎಲ್ಲವನ್ನೂ ಬಣ್ಣದಲ್ಲಿ ಗುರುತಿಸಿ ನಕ್ಷೆಯಲ್ಲೇ ಇಡಿ. ಪ್ಯಾನೆಲಿನ ಮುಂದೆ ಕನಿಷ್ಠ 1 ಮೀಟರ್ ಜಾಗ ಬೇಕು. ಹಿಂದೆ ತೆರೆದ ಭಾಗಗಳಿದ್ದರೆ ಒಂದೋ 20 ಸೆಂ.ಮೀ.ಗಿಂತ ಕಡಿಮೆ ಇರಬೇಕು, ಇಲ್ಲವೇ 75 ಸೆಂ.ಮೀ.ಗಿಂತ ಹೆಚ್ಚು. ನಡುವಿನ ಅಳತೆ ಅಪಾಯ, ಮನುಷ್ಯ ತೂರಿಕೊಳ್ಳಬಲ್ಲ, ತಿರುಗಲಾರ. ಆರ್‌ಎಂಯು (11 ಕೆ.ವಿ. ಸ್ವಿಚ್ ಪೆಟ್ಟಿಗೆ) ಮತ್ತು ಮೀಟರ್ ಕ್ಯುಬಿಕಲ್ ಮಾತ್ರ ಗೇಟಿನ ಬಳಿ, ನೆಲದ ಮೇಲೆಯೇ ಇರಲಿ. ನಡುರಾತ್ರಿ ಮೆಸ್ಕಾಂ ಸಿಬ್ಬಂದಿ ಬಂದರೂ ವಾಚ್‌ಮನ್ನನ್ನು ಹುಡುಕದೆ ತಲುಪುವಂತಿರಬೇಕು.

ಪ್ರಶ್ನೆ: ಮಣಿಪಾಲದಲ್ಲಿ ಹಾಸ್ಟೆಲ್ ಕಟ್ಟಿಸುತ್ತಿದ್ದೇನೆ. ಒಟ್ಟು ಕನೆಕ್ಟೆಡ್ ಲೋಡ್ 620 ಕಿ.ವ್ಯಾ. ಒಬ್ಬರು 1000 ಕೆವಿಎ ಅನ್ನುತ್ತಾರೆ, ಇನ್ನೊಬ್ಬರು 500 ಸಾಕು ಅನ್ನುತ್ತಾರೆ. ಬಿಸಿನೀರಿಗೆ ಸೋಲಾರ್ ಹಾಕಿದರೆ ಇನ್ನೂ ಚಿಕ್ಕದು ಸಾಲದೇ? (ಕಟ್ಟಡದ ಮಾಲೀಕರು, ಉಡುಪಿ ಜಿಲ್ಲೆ)

ಉತ್ತರ: ನೀವು ಕಳಿಸಿದ ಪಟ್ಟಿಯನ್ನೇ ಹಿಡಿದು ಲೆಕ್ಕ ಹಾಕೋಣ. ಗೀಸರ್ 240, ಎಸಿ 158, ದೀಪ ಫ್ಯಾನ್ ಪ್ಲಗ್ 70, ಅಡುಗೆಮನೆ 60, ಲಾಂಡ್ರಿ 40, ಪಂಪು 30, ಲಿಫ್ಟ್ 22 ಕಿ.ವ್ಯಾ. ಇವೆಲ್ಲ ಒಂದೇ ಗಳಿಗೆಯಲ್ಲಿ ಓಡುವುದಿಲ್ಲ. ಬೆಳಗಿನ ಹೊತ್ತು ಗೀಸರಿನ ಅರ್ಧದಷ್ಟು ಎಂದರೆ 120, ಅಡುಗೆಮನೆ 36, ದೀಪ ಫ್ಯಾನ್ 42, ಪಂಪು 30, ಲಾಂಡ್ರಿ 20, ಲಿಫ್ಟ್ 11. ಒಟ್ಟು 259. ರಾತ್ರಿ ಎಂಟರ ಹೊತ್ತಿಗೆ ಎಸಿ ಶೇ. 70ರಷ್ಟು ಎಂದರೆ 110, ದೀಪ ಫ್ಯಾನ್ 56, ಗೀಸರ್ 36, ಅಡುಗೆಮನೆ 36, ಪಂಪು 30, ಲಾಂಡ್ರಿ 20, ಲಿಫ್ಟ್ 11. ಸುಮಾರು 300 ಕಿ.ವ್ಯಾ. ಪವರ್ ಫ್ಯಾಕ್ಟರ್ (ಕಿ.ವ್ಯಾ.ಗೂ ಕೆವಿಎಗೂ ಇರುವ ಅನುಪಾತ) 0.95 ಹಿಡಿದರೆ 315 ಕೆವಿಎ ಚಿಲ್ಲರೆ. 500 ಕೆವಿಎ ಟ್ರಾನ್ಸ್‌ಫಾರ್ಮರಿಗೆ ಇದು ಶೇ. 63ರಷ್ಟು ಲೋಡ್. 3.3 ಕಿ.ವ್ಯಾ.ನ 20 ಇವಿ ಚಾರ್ಜರ್ ಮುಂದೆ ಸೇರಿದರೂ 66 ಕಿ.ವ್ಯಾ., ಅದಕ್ಕೂ ಜಾಗವಿದೆ. ಹಾಗಾಗಿ 500 ಸರಿ.

1000 ಯಾಕೆ ಬೇಡ? ಟ್ರಾನ್ಸ್‌ಫಾರ್ಮರಿನ ನೋ-ಲೋಡ್ ನಷ್ಟ ಹಗಲೂ ರಾತ್ರಿ, ರಜೆಯಲ್ಲೂ ಇರುತ್ತದೆ. ದೊಡ್ಡದರಲ್ಲಿ ಆ ನಷ್ಟ 500 ವ್ಯಾಟ್‌ನಷ್ಟೇ ಹೆಚ್ಚಿದೆ ಅಂದರೂ ವರ್ಷಕ್ಕೆ 4380 ಯೂನಿಟ್ ವ್ಯರ್ಥ. ಕೆಳಗಡೆಯ ಬ್ರೇಕರುಗಳ ಖರ್ಚೂ ಏರುತ್ತದೆ. 500 ಕೆವಿಎ, ಶೇ. 4.5 ಇಂಪೀಡೆನ್ಸ್ (ಟ್ರಾನ್ಸ್‌ಫಾರ್ಮರಿನ ಒಳತಡೆ) ಆದರೆ ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜ್ ಕಡೆಯ ಬಸ್‌ಬಾರಿನಲ್ಲಿ (ಕರೆಂಟು ಹಂಚುವ ಲೋಹದ ಪಟ್ಟಿ) ಶಾರ್ಟ್ ಸರ್ಕ್ಯೂಟ್ ಕರೆಂಟ್ 14.8 ಕಿಲೋ ಆಂಪಿಯರ್. 1000 ಕೆವಿಎ, ಶೇ. 5 ಆದರೆ 26.7. ಮಹಡಿ ಮಹಡಿಯ ಡಿಬಿಗೆ (ಕರೆಂಟು ಹಂಚುವ ಪೆಟ್ಟಿಗೆ) ಹಾಕುವ, 10 ಕಿಲೋ ಆಂಪಿಯರ್ ಮಾತ್ರ ಕಡಿಯಬಲ್ಲ ಎಂಸಿಬಿಗಳನ್ನು (ಚಿಕ್ಕ ಬ್ರೇಕರ್) ಮುಖ್ಯ ಪ್ಯಾನೆಲಿನ ಪಕ್ಕದಲ್ಲಿ ಹಾಕುವಂತೆಯೇ ಇಲ್ಲ.

ಸೋಲಾರ್ ವಾಟರ್ ಹೀಟರ್ ಖಂಡಿತ ಹಾಕಿ, ಆದರೆ ಟ್ರಾನ್ಸ್‌ಫಾರ್ಮರ್ ಲೆಕ್ಕದಿಂದ ಗೀಸರ್ ಕಳೆಯಬೇಡಿ. ಮಣಿಪಾಲದ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ವಾರಗಟ್ಟಲೆ ಬಿಸಿಲಿಲ್ಲ, ಮಕ್ಕಳೆಲ್ಲ ಬೆಳಿಗ್ಗೆ ಏಳಕ್ಕೆ ಬಿಸಿನೀರು ಕೇಳುತ್ತಾರೆ, ಬ್ಯಾಕಪ್ ಗೀಸರುಗಳಲ್ಲಿ ಅರ್ಧದಷ್ಟಾದರೂ ಒಟ್ಟಿಗೆ ಹತ್ತುತ್ತವೆ.

ಆಸ್ಪತ್ರೆಯಾಗಿದ್ದರೆ ಎರಡು ಟ್ರಾನ್ಸ್‌ಫಾರ್ಮರ್ ಎನ್ನುತ್ತಿದ್ದೆವು. ಆಗ ಎರಡನ್ನೂ ಸಮಾನಾಂತರವಾಗಿ ಓಡಿಸಬೇಕೆಂದರೆ ವೋಲ್ಟೇಜ್ ಅನುಪಾತ, ಟ್ಯಾಪ್, ಡಿವೈಎನ್11 ವೆಕ್ಟರ್ ಗ್ರೂಪ್ (ಸುರುಳಿಗಳ ಜೋಡಣೆಯ ಬಗೆ), ಶೇಕಡಾ ಇಂಪೀಡೆನ್ಸ್ ಹೊಂದಬೇಕು. ಶಾರ್ಟ್ ಸರ್ಕ್ಯೂಟ್ ಮಟ್ಟವೂ ಇಮ್ಮಡಿಯಾಗುತ್ತದೆ. ನಡುವಿನ ಬಸ್ ಕಪ್ಲರ್ (ಎರಡರ ಬಸ್‌ಬಾರ್ ಸೇರಿಸುವ ಬ್ರೇಕರ್) ತೆರೆದಿಟ್ಟು, ತಪ್ಪಾಗಿ ಮುಚ್ಚದಂತೆ ಇಂಟರ್‌ಲಾಕ್ ಹಾಕಿ, ಒಂದು ಕೆಟ್ಟಾಗ ಮಾತ್ರ ಮುಚ್ಚುವುದು ಒಳ್ಳೆಯದು.

ಪ್ರಶ್ನೆ: 500 ಕೆವಿಎಗೆ 11 ಕೆ.ವಿ. ಕಡೆ ಕರೆಂಟ್ ಬರೀ 26 ಆಂಪಿಯರ್. ಆದರೂ 240 ಚದರ ಮಿ.ಮೀ. ಕೇಬಲ್ ತೋರಿಸುತ್ತಾರಲ್ಲ, ಯಾಕೆ? (ಡಿಪ್ಲೊಮಾ ವಿದ್ಯಾರ್ಥಿ, ಉಡುಪಿ)

ಉತ್ತರ: ಆ ಕೇಬಲಿನ ಗಾತ್ರವನ್ನು ನಿರ್ಧರಿಸುವುದು ಲೋಡ್ ಅಲ್ಲ, ಫಾಲ್ಟ್, ಅಂದರೆ ಶಾರ್ಟ್ ಆದಾಗ ಹರಿಯುವ ಕರೆಂಟ್. ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಹೊದಿಕೆಯ) ಅಲ್ಯೂಮಿನಿಯಂ ಕೇಬಲ್ ತಾಳುವ ಶಾರ್ಟ್ ಸರ್ಕ್ಯೂಟ್ ಕರೆಂಟ್ ಕಿಲೋ ಆಂಪಿಯರಿನಲ್ಲಿ ಹೀಗೆ: 0.094ನ್ನು ಚದರ ಮಿ.ಮೀ.ಗೆ ಗುಣಿಸಿ, ಸೆಕೆಂಡಿನ ವರ್ಗಮೂಲದಿಂದ ಭಾಗಿಸಿ. 95 ಚದರ ಮಿ.ಮೀ. ಒಂದು ಸೆಕೆಂಡಿಗೆ 8.9 ತಾಳುತ್ತದೆ, 240 ಆದರೆ 22.6. ನಿಮ್ಮ ಸಂಪರ್ಕ ಬಿಂದುವಿನಲ್ಲಿ ಫಾಲ್ಟ್ ಮಟ್ಟ 20 ಕಿಲೋ ಆಂಪಿಯರ್ ಎಂದು ಕಂಪನಿ ಲಿಖಿತ ಕೊಟ್ಟರೆ, ಒಂದು ಸೆಕೆಂಡಿಗೆ 213 ಚದರ ಮಿ.ಮೀ. ಬೇಕು, ಸಿಗುವ ಮುಂದಿನ ಗಾತ್ರ 240. ಬ್ರೇಕರ್ 0.3 ಸೆಕೆಂಡಿನಲ್ಲಿ ಕಡಿಯುವುದು ಖಾತ್ರಿಯಿದ್ದು ಫಾಲ್ಟ್ ಮಟ್ಟ 16 ಕಿಲೋ ಆಂಪಿಯರಿಗಿಂತ ಒಳಗಿದ್ದರೆ 95 ಕೂಡ ಸಾಗುತ್ತದೆ. ಆದ್ದರಿಂದ ಫಾಲ್ಟ್ ಮಟ್ಟವನ್ನೂ ಮೇಲಿನ ರಿಲೇಯ (ಬ್ರೇಕರಿಗೆ ಕಡಿಯಲು ಹೇಳುವ ಸಾಧನ) ಸಮಯವನ್ನೂ ಕೇಳದೆ ಕೇಬಲ್ ಬರೆಯಬಾರದು. ಮತ್ತೊಂದು ಮಾತು: 240ರ ಮೂರು ಕೋರ್ ಕೇಬಲ್ ಸುಮಾರು 80 ಮಿ.ಮೀ. ದಪ್ಪ. ವ್ಯಾಸದ 15 ಪಟ್ಟು ಎಂದರೆ 1.2 ಮೀಟರ್ ತ್ರಿಜ್ಯದ ತಿರುವು ಬೇಕು. 600 ಮಿ.ಮೀ. ಟ್ರೆಂಚಿನಲ್ಲಿ ಅದನ್ನು ಒತ್ತಿ ಬಗ್ಗಿಸಿದರೆ ಒಳಗಿನ ಸ್ಕ್ರೀನ್ (ಲೋಹದ ಪದರ) ಸುಕ್ಕಾಗಿ, ಎರಡು ಮೂರು ವರ್ಷ ಕಳೆದು ಅದೇ ತಿರುವಿನಲ್ಲಿ ಸಿಡಿಯುತ್ತದೆ.

ಪ್ರಶ್ನೆ: ನಮ್ಮ ಶಾಲಾ ಕಟ್ಟಡ ಇರುವುದು ಮುರಕಲ್ಲಿನ ಗುಡ್ಡದ ಮೇಲೆ. ಮಾರ್ಚ್‌ನಲ್ಲಿ ಅಳೆದಾಗ 3 ಮೀಟರಿನ ಒಂದೊಂದು ಅರ್ಥ್ ಪೈಪಿಗೂ 120 ಓಂ ಮೇಲೆಯೇ. ಗುತ್ತಿಗೆದಾರರು ಇನ್ನಷ್ಟು ಉಪ್ಪು, ಇದ್ದಿಲು ಹಾಕೋಣ ಎನ್ನುತ್ತಾರೆ. 1 ಓಂ ತರುವುದು ಹೇಗೆ? (ಶಾಲಾ ಆಡಳಿತ ಮಂಡಳಿ, ಮಂಗಳೂರು ತಾಲೂಕು)

ಉತ್ತರ: ನಿಮ್ಮ ಅಳತೆ ಸರಿಯಾಗಿಯೇ ಇದೆ. ಮಣ್ಣಿನ ರೆಸಿಸ್ಟಿವಿಟಿ 500 ಓಂ ಮೀಟರ್ ಇದ್ದರೆ 3 ಮೀಟರ್ ಉದ್ದ, 40 ಮಿ.ಮೀ. ವ್ಯಾಸದ ಪೈಪಿಗೆ ಲೆಕ್ಕದಲ್ಲಿ ಬರುವುದೂ ಸುಮಾರು 143 ಓಂ. ನಾಲ್ಕು ಪೈಪುಗಳನ್ನು ಚೌಕದ ಮೂಲೆಗಳಲ್ಲಿ 6 ಮೀಟರ್ ಅಂತರದಲ್ಲಿ ಹಾಕಿ ಜೋಡಿಸಿದರೂ 45 ಓಂ ಆಸುಪಾಸು ನಿಲ್ಲುತ್ತದೆ. ಒಂದರ ಪಕ್ಕ ಇನ್ನೊಂದನ್ನು ಗಜ ದೂರದಲ್ಲಿ ಹೂತರೆ ಅಷ್ಟೂ ಇಳಿಯದು, ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ.

ಉಪ್ಪು ಹಾಕಬೇಡಿ. ನಮ್ಮ ಮಳೆಗೆ ಉಪ್ಪು ಮೊದಲ ವರ್ಷವೇ ತೊಳೆದು ಹೋಗುತ್ತದೆ. ಹೋಗುವ ಮುಂಚೆ ಜಿಐ ಪೈಪಿನ ಸತುವನ್ನು ತಿಂದಿರುತ್ತದೆ. ಮಳೆಗಾಲದಲ್ಲಿ ಅಳೆದು ಚೆನ್ನಾಗಿದೆ ಎಂದು ಬರೆದುಕೊಳ್ಳುವುದೂ ಮೋಸವೇ. ಅಳೆಯಬೇಕಾದ್ದು ಮಾರ್ಚ್‌ನಿಂದ ಮೇ ಒಳಗೆ, ನೆಲ ಕಾದು ಒಣಗಿರುವಾಗ.

ಮೊದಲು ನಾಲ್ಕು ಮೊಳೆಯ ವೆನ್ನರ್ ವಿಧಾನದಲ್ಲಿ ಮಣ್ಣನ್ನು ಅಳೆಯಿಸಿ. ಮೊಳೆಗಳ ಅಂತರ 3 ಮೀಟರ್, ಮೀಟರ್ ತೋರಿಸಿದ್ದು 26.5 ಓಂ ಎಂದಾದರೆ 2 × 3.14 × 3 × 26.5, ಸುಮಾರು 500 ಓಂ ಮೀಟರ್. ಅಂತರವನ್ನು 1, 2, 4, 8, 16 ಮೀಟರ್ ಎಂದು ಹೆಚ್ಚಿಸುತ್ತಾ ಹೋದಂತೆ ಆಳದ ಪದರಗಳ ಅಂದಾಜು ಸಿಗುತ್ತದೆ. ಗಟ್ಟಿ ಮುರಕಲ್ಲಿನ ಕೆಳಗೆ ನಮ್ಮಲ್ಲಿ ಸಾಮಾನ್ಯವಾಗಿ ಶೇಡಿ ಮಣ್ಣಿನ ಪದರವಿರುತ್ತದೆ. ಬಾವಿ ತೋಡಿಸಿದವರಿಗೆ ಅದು ಯಾವ ಆಳದಲ್ಲಿ ಸಿಗುತ್ತದೆಂದು ಗೊತ್ತಿರುತ್ತದೆ, ಅವರನ್ನು ಕೇಳಿ. ಆ ಮಣ್ಣು ಬೇಸಿಗೆಯಲ್ಲೂ ತೇವ ಹಿಡಿದಿಡುತ್ತದೆ. ಅಂತರ ಹೆಚ್ಚಿದಂತೆ ರೆಸಿಸ್ಟಿವಿಟಿ ಇಳಿಯುತ್ತಿದ್ದರೆ ಕೊಳವೆಬಾವಿಯ ರಿಗ್ ತಂದು ಮುರಕಲ್ಲನ್ನು ಕೊರೆದು, ಎಲೆಕ್ಟ್ರೋಡನ್ನು ಶೇಡಿಯೊಳಗೆ ಇಳಿಸುವುದೇ ದಾರಿ. ತಾಮ್ರ ಲೇಪಿತ ಕಂಬಿಗಳನ್ನು ಜೋಡಿಸುತ್ತಾ ಇಳಿಸಿ, ಸುತ್ತ ಬೆಂಟೊನೈಟ್ ಗಂಜಿಯನ್ನು ಕೆಳಗಿನಿಂದ ಮೇಲಕ್ಕೆ ಪಂಪ್ ಮಾಡಿ ತುಂಬಿಸಬೇಕು. ಮೇಲಿನಿಂದ ಸುರಿದರೆ ನಡುವೆ ಗಾಳಿ ಉಳಿಯುತ್ತದೆ. ಶೇಡಿ ಕುಸಿಯುವ ಮಣ್ಣು, ಕೇಸಿಂಗ್ ಇಟ್ಟುಕೊಂಡೇ ಕೊರೆಯಿರಿ. 20 ಮೀಟರ್ ಉದ್ದದ ಕಂಬಿಗೆ ಸುತ್ತಲಿನ ಸರಾಸರಿ 200 ಓಂ ಮೀಟರ್ ಸಿಕ್ಕರೂ ಒಂದೇ ಎಲೆಕ್ಟ್ರೋಡ್ 10 ಓಂ ಹತ್ತಿರ ಬರುತ್ತದೆ.

ಈಗ ಮುಖ್ಯ ಮಾತು. 1 ಓಂ ಸಿಕ್ಕರೆ ಎಲ್ಲ ಸುರಕ್ಷಿತ ಎಂಬ ನಂಬಿಕೆ ಅಪಾಯಕಾರಿ. ಟ್ರಾನ್ಸ್‌ಫಾರ್ಮರ್ ನಿಮ್ಮ ಆವರಣದಲ್ಲೇ ಇದ್ದಾಗ, ತರಗತಿಯ ಫ್ಯಾನಿನಲ್ಲಿ ಫೇಸ್ ಬಾಡಿಗೆ ತಾಗಿದರೆ ಫಾಲ್ಟ್ ಕರೆಂಟ್ ಮಣ್ಣಿನ ಮೂಲಕ ವಾಪಸು ಹೋಗಬೇಕಿಲ್ಲ, ಅರ್ಥ್ ತಂತಿಯಲ್ಲೇ ನ್ಯೂಟ್ರಲ್ ಬಿಂದುವಿಗೆ ಹೋಗಬೇಕು. ಲೂಪಿನ ಒಟ್ಟು ತಡೆ 0.5 ಓಂ ಇದ್ದರೆ 480 ಆಂಪಿಯರ್ ಹರಿದು ಎಂಸಿಬಿ ಕ್ಷಣದಲ್ಲಿ ಬೀಳುತ್ತದೆ. ಅದೇ ಅರ್ಥ್ ತಂತಿಯನ್ನು ನ್ಯೂಟ್ರಲಿಗೆ ಜೋಡಿಸದೆ ಬೇರೆ ಗುಂಡಿಗೆ ಇಳಿಸಿ, ಎರಡೂ ಗುಂಡಿಗಳು 2 ಓಂ ಇವೆ ಎಂದುಕೊಳ್ಳಿ. 240 ಭಾಗಿಸು 4, ಬರೀ 60 ಆಂಪಿಯರ್. 100 ಆಂಪಿಯರಿನ ಫೀಡರ್ ಬ್ರೇಕರಿಗೆ ಅದು ತಿಳಿಯುವುದೇ ಇಲ್ಲ, ಪ್ಯಾನೆಲಿನ ಬಾಡಿ ಮಾತ್ರ 120 ವೋಲ್ಟಿನಲ್ಲಿ ನಿಂತಿರುತ್ತದೆ. ಎರಡೂ ಗುಂಡಿಗಳ ರೀಡಿಂಗ್ ಚೆನ್ನಾಗಿದ್ದೂ ಇದು ಆಗುತ್ತದೆ. ಆದ್ದರಿಂದ ನ್ಯೂಟ್ರಲಿಗೆ ಎರಡು ಪ್ರತ್ಯೇಕ ಅರ್ಥ್, ಟ್ಯಾಂಕ್ ಬಾಡಿಗೆ ಎರಡು, ಇವೆಲ್ಲವೂ ನೆಲದಡಿಯ ಒಂದೇ ರಿಂಗಿಗೆ ಸೇರಬೇಕು. ಕಟ್ಟಡದ ಕಂಬಿ, ನೀರಿನ ಕಬ್ಬಿಣದ ಪೈಪು, ಲಿಫ್ಟಿನ ರೈಲು, ಮಿಂಚು ತಡೆಯ ಇಳಿತಂತಿಗಳೂ ಅದಕ್ಕೇ ಸೇರಬೇಕು.

ಹಾಗಾದರೆ ಮಣ್ಣಿನ ಓಂ ಎಲ್ಲಿ ಬೇಕು? 11 ಕೆ.ವಿ. ಕಡೆಯ ಫಾಲ್ಟಿಗೆ. ಅಲ್ಲಿ 1000 ಆಂಪಿಯರ್ ನಿಮ್ಮ ಅರ್ಥಿನ ಮೂಲಕ ನೆಲಕ್ಕಿಳಿದು, ನಿಮ್ಮದು 2 ಓಂ ಇದ್ದರೆ ಇಡೀ ಆವರಣದ ಲೋಹ 2000 ವೋಲ್ಟಿಗೆ ಏರುತ್ತದೆ. ಬ್ರೇಕರ್ ಬೇಗ ಕಡಿಯಬೇಕು, ಮಕ್ಕಳು ಮುಟ್ಟುವ ಬೇಲಿ ಮತ್ತು ನಿಲ್ಲುವ ನೆಲ ಒಂದೇ ವೋಲ್ಟೇಜಿನಲ್ಲಿರುವಂತೆ ರಿಂಗನ್ನು ಬೇಲಿಯಿಂದ ಒಂದು ಮೀಟರ್ ಹೊರಗೆ ಓಡಿಸಬೇಕು, ಮೇಲೆ 100 ಮಿ.ಮೀ. ಜಲ್ಲಿ ಹಾಸಬೇಕು. ಕಂಪನಿಯ ಸ್ಟೇಷನ್ನಿನಿಂದ ನಿಮ್ಮ ತನಕ ಪೂರ್ತಿ ಕೇಬಲ್ಲೇ ಇದ್ದರೆ ಅದರ ಸ್ಕ್ರೀನ್ ದೊಡ್ಡ ಪಾಲನ್ನು ವಾಪಸು ಒಯ್ಯುತ್ತದೆ. ಸ್ಕ್ರೀನನ್ನು ಅರ್ಥಿಗೆ ಸೇರಿಸಿದ ಜೋಡಣೆಯನ್ನು ಕಣ್ಣಾರೆ ನೋಡಿ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಐಸ್ ಪ್ಲಾಂಟ್ ಕಟ್ಟಡದ ಹಿಂದೆ 250 ಕೆವಿಎ ಆಯಿಲ್ ಟ್ರಾನ್ಸ್‌ಫಾರ್ಮರ್ ಇದೆ. ಐದೇ ವರ್ಷಕ್ಕೆ ರೇಡಿಯೇಟರ್ ತುಕ್ಕು ಹಿಡಿದು ಎಣ್ಣೆ ಜಿನುಗುತ್ತಿದೆ, ಪ್ಯಾನೆಲಿನ ಜೋಡಣೆಗಳು ಹಸಿರು ಕಟ್ಟಿವೆ. ಹೊಸದು ತರುವಾಗ ಏನು ಬರೆಯಿಸಬೇಕು?

ಉತ್ತರ: ಹಸಿರು ಕಟ್ಟಿದ್ದಕ್ಕೆ ಕಡಲೊಂದೇ ಕಾರಣವಲ್ಲ. ನಿಮ್ಮ ಕಂಪ್ರೆಸರ್ ಅಮೋನಿಯದ್ದಾಗಿದ್ದರೆ, ಗ್ಲ್ಯಾಂಡಿನಿಂದ ಸ್ವಲ್ಪವೇ ಸೋರುವ ಅಮೋನಿಯ ತೇವದ ಜೊತೆ ಸೇರಿ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಪ್ಯಾನೆಲ್ ಕೋಣೆಗೂ ಕಂಪ್ರೆಸರ್ ಕೋಣೆಗೂ ನಡುವೆ ಪೂರ್ತಿ ಗೋಡೆಯಿರಲಿ, ಕೇಬಲ್ ತೂತುಗಳೆಲ್ಲ ಮುಚ್ಚಿರಲಿ. ಬಸ್‌ಬಾರಿಗೆ ಟಿನ್ ಲೇಪನ ಕೇಳಿ. ಅಲ್ಯೂಮಿನಿಯಂ ಲಗ್ಗನ್ನು ತಾಮ್ರದ ಬಾರಿಗೆ ನೇರ ಬಿಗಿಯಬೇಡಿ, ಬೈಮೆಟಲ್ ಲಗ್ ಅಥವಾ ವಾಷರ್ ಬೇಕು. ಇಲ್ಲದಿದ್ದರೆ ಅಲ್ಯೂಮಿನಿಯಂ ಕರಗಿ, ಜೋಡಣೆ ಸಡಿಲಾಗಿ, ಬಿಸಿಯಾಗಿ, ಒಂದು ಫೇಸ್ ಸುಟ್ಟು ಹೋಗುತ್ತದೆ.

ಟ್ರಾನ್ಸ್‌ಫಾರ್ಮರಿಗೆ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿ ಮೇಲೆ ಎಪಾಕ್ಸಿ ಬಣ್ಣ ಬಳಿದ ರೇಡಿಯೇಟರ್ ಬರೆಯಿಸಿ. ತೆಳು ತಗಡನ್ನು ಮಡಚಿದ ಕಾರುಗೇಟೆಡ್ ಟ್ಯಾಂಕ್ ಕಡಲ ಬದಿಗೆ ಬೇಡ, ಮಡಿಕೆಯ ಸಂದಿಗೆ ಬಣ್ಣ ಇಳಿಯುವುದಿಲ್ಲ, ಮೊದಲು ತೂತಾಗುವುದೂ ಅಲ್ಲಿಯೇ. ಹೊರಗಿನ ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಇರಲಿ. ಬುಶಿಂಗ್ (ತಂತಿ ಹೊರಬರುವ ಪಿಂಗಾಣಿ) ಹೊರಗಿದ್ದರೆ ಕ್ರೀಪೇಜ್ ದೂರ (ಅದರ ಮೇಲ್ಮೈ ಗುಂಟ ಅಳೆದ ಉದ್ದ) ಕೆ.ವಿ.ಗೆ 31 ಮಿ.ಮೀ., ಅಂದರೆ 12 ಕೆ.ವಿ.ಗೆ 372 ಮಿ.ಮೀ. ಕೇಳಿ. ಇನ್ನೂ ಒಳ್ಳೆಯದೆಂದರೆ ಎರಡೂ ಕಡೆ ಕೇಬಲ್ ಬಾಕ್ಸ್. ಆಗ ಉಪ್ಪು ಕೂರಲು ತೆರೆದ ಪಿಂಗಾಣಿಯೇ ಇರುವುದಿಲ್ಲ.

ಬ್ರೀದರ್ (ಒಳಹೋಗುವ ಗಾಳಿಯ ತೇವ ಹೀರುವ ಡಬ್ಬಿ) ನೋಡುವುದನ್ನು ಯಾರಿಗಾದರೂ ಒಪ್ಪಿಸಿ. ರಾತ್ರಿ ತಂಪಾದಾಗ ಎಣ್ಣೆ ಕುಗ್ಗಿ ಟ್ರಾನ್ಸ್‌ಫಾರ್ಮರ್ ಹೊರಗಾಳಿಯನ್ನು ಒಳಗೆಳೆಯುತ್ತದೆ. ಕೆಳಗಿನ ಬಟ್ಟಲಿನಲ್ಲಿ ಎಣ್ಣೆ ಇಲ್ಲದಿದ್ದರೆ ನೀಲಿ ಸಿಲಿಕಾ ಜೆಲ್ ದಿನಗಳಲ್ಲೇ ಗುಲಾಬಿಯಾಗುತ್ತದೆ, ಆಮೇಲೆ ತೇವ ಸೀದಾ ಎಣ್ಣೆಗೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮುಂಚೆ, ಎಣ್ಣೆ ಎಷ್ಟು ವೋಲ್ಟೇಜ್ ತಾಳುತ್ತದೆಂದು ನೋಡುವ ಬಿಡಿವಿ ಪರೀಕ್ಷೆ ಮಾಡಿಸಿ. 2.5 ಮಿ.ಮೀ. ಅಂತರದಲ್ಲಿ 30 ಕೆ.ವಿ.ಗಿಂತ ಕೆಳಗೆ ಬಂದರೆ ಫಿಲ್ಟರ್ ಮಾಡಿಸದೆ ಮಳೆಗಾಲಕ್ಕೆ ಕಾಲಿಡಬೇಡಿ. 11 ಕೆ.ವಿ. ಪ್ಯಾನೆಲಿನ ಹೀಟರಿಗೆ ಸಪ್ಲೈ ಜನರೇಟರ್ ಕಡೆಯಿಂದಲೂ ಇರಬೇಕು. ಕರೆಂಟು ಹೋಗಿ ಪ್ಯಾನೆಲ್ ತಣ್ಣಗಾದಾಗಲೇ ಇನ್ಸುಲೇಟರಿನ ಮೇಲೆ ನೀರಾವಿ ಕಟ್ಟುವುದು, ಕರೆಂಟು ಬಂದ ಕ್ಷಣ ಫ್ಲ್ಯಾಷ್ ಆಗುವುದು.

ಪ್ರಶ್ನೆ: ಬೈಕಂಪಾಡಿಯ ನಮ್ಮ ಗೋದಾಮಿನಲ್ಲಿ 500 ಕೆವಿಎ ಇದೆ. ಗುಡುಗಿಗೆ ಕರೆಂಟು ಹೋಗಿ ಬಂದ ಕೂಡಲೇ ಕೆಲವೊಮ್ಮೆ ವಿಸಿಬಿ (11 ಕೆ.ವಿ. ಕಡೆಯ ಬ್ರೇಕರ್) ಟ್ರಿಪ್ ಆಗುತ್ತದೆ. ಮತ್ತೆ ಹಾಕಿದರೆ ನಿಲ್ಲುತ್ತದೆ.

ಉತ್ತರ: ಮತ್ತೆ ಹಾಕಿದಾಗ ನಿಲ್ಲುತ್ತದೆ ಎಂದರೆ ಫಾಲ್ಟ್ ಅಲ್ಲ, ಇನ್‌ರಶ್ (ಟ್ರಾನ್ಸ್‌ಫಾರ್ಮರ್ ಚಾರ್ಜ್ ಆಗುವಾಗ ಕ್ಷಣಕಾಲ ಎಳೆಯುವ ಹೆಚ್ಚಿನ ಕರೆಂಟ್) ಇರಬೇಕು. ಆದರೆ ಕಾರಣ ನೋಡದೆ ಪದೇ ಪದೇ ಹಾಕುವ ಅಭ್ಯಾಸ ಬಿಡಿ, ಮೊದಲು ರಿಲೇಯ ದಾಖಲೆ ಓದಿ. ಪೂರ್ಣ ಲೋಡ್ 26 ಆಂಪಿಯರ್. ಚಾರ್ಜ್ ಆಗುವ ಮೊದಲ 0.1 ಸೆಕೆಂಡ್ ಅದರ 12 ಪಟ್ಟು, 315 ಆಂಪಿಯರ್ ತನಕ ಎಳೆಯಬಹುದು. ಎಲ್‌ಟಿ ಕಡೆ ಪೂರ್ತಿ ಶಾರ್ಟ್ ಆದರೆ 11 ಕೆ.ವಿ. ಕಡೆ ಕಾಣುವುದು 583 ಆಂಪಿಯರ್. ತಕ್ಷಣ ಕಡಿಯುವ ಸೆಟ್ಟಿಂಗ್ ಇದಕ್ಕಿಂತ ಕಾಲುಭಾಗದಷ್ಟು ಮೇಲೆ, 750 ಆಂಪಿಯರ್ ಸುಮಾರಿಗಿರಲಿ. ಆಗ ಇನ್‌ರಶ್‌ಗೂ ಬೀಳದು, ಎಲ್‌ಟಿ ಫಾಲ್ಟನ್ನು ಕಡಿಯುವ ಕೆಲಸವೂ ಎಸಿಬಿಗೆ (ಎಲ್‌ಟಿ ಕಡೆಯ ಮುಖ್ಯ ಬ್ರೇಕರ್) ಉಳಿಯುತ್ತದೆ. 50/1 ಸಿಟಿ (ಕರೆಂಟನ್ನು ಇಳಿಸಿ ರಿಲೇಗೆ ತೋರಿಸುವ ಸಾಧನ) ಇದ್ದರೆ ಇದು 15 ಪಟ್ಟು. ಸಿಟಿಯ ಪ್ಲೇಟಿನಲ್ಲಿ 5ಪಿ10 ಎಂದಿದ್ದರೆ ಅದರ ನಿಖರತೆ 500 ಆಂಪಿಯರಿಗೇ ಮುಗಿಯುತ್ತದೆ, 5ಪಿ20 ಬೇಕು. ಬೀಳುತ್ತಿರುವುದು ಅರ್ಥ್ ಫಾಲ್ಟ್ ಎಲಿಮೆಂಟ್ ಆಗಿದ್ದರೆ, ಮೂರು ಸಿಟಿಗಳು ಇನ್‌ರಶ್‌ನಲ್ಲಿ ಬೇರೆ ಬೇರೆಯಾಗಿ ಸ್ಯಾಚುರೇಟ್ ಆಗಿ ಇಲ್ಲದ ಸೋರಿಕೆಯನ್ನು ತೋರಿಸುತ್ತವೆ. ಕೇಬಲ್ ಸುತ್ತ ಒಂದೇ ಉಂಗುರದ ಸಿಬಿಸಿಟಿ ಹಾಕಿದರೆ ಇದು ತಪ್ಪುತ್ತದೆ.

ಇದರ ಜೊತೆಗೇ ಇನ್ನೆರಡು ನೋಡಿ. ಓವರ್‌ಹೆಡ್ ಲೈನ್ ಕೇಬಲಿಗೆ ಇಳಿಯುವ ಕಂಬದಲ್ಲಿ 9 ಕೆ.ವಿ., 10 ಕಿಲೋ ಆಂಪಿಯರಿನ ಮಿಂಚು ತಡೆಗಳು ಇರಬೇಕು, ಅವುಗಳ ಅರ್ಥ್ ತಂತಿ ಕೇಬಲ್ ಸ್ಕ್ರೀನಿಗೆ ಸೇರಿ, ಗಿಡ್ಡವಾಗಿ, ನೇರವಾಗಿ ಇಳಿದಿರಬೇಕು. ಮತ್ತೊಂದು, ವಿಸಿಬಿಗೆ ಟ್ರಿಪ್ ಮಾಡಲು ಡಿಸಿ ಕೊಡುವ ಪವರ್ ಪ್ಯಾಕಿನ ಬ್ಯಾಟರಿ. ಚಾರ್ಜರ್ ಆಫ್ ಮಾಡಿ ಬ್ಯಾಟರಿಯಿಂದಲೇ ಟ್ರಿಪ್ ಮಾಡಿಸಿ ನೋಡಿ. ಬ್ಯಾಟರಿ ಸತ್ತ ವಿಸಿಬಿ ಫಾಲ್ಟ್ ಬಂದಾಗ ಸುಮ್ಮನೆ ನಿಂತಿರುತ್ತದೆ, ಬೇಡದ ಟ್ರಿಪ್ಪಿಗಿಂತ ನೂರು ಪಟ್ಟು ಕೆಟ್ಟದ್ದು ಇದು.

ಪ್ರಶ್ನೆ: ಉಡುಪಿಯ ನಮ್ಮ ಸಭಾಭವನಕ್ಕೆ 150 ಕಿ.ವ್ಯಾ. ಸೋಲಾರ್ ಹಾಕಿದ ಮೇಲೆ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ಕುಸಿದಿದೆ. ಕೆಪಾಸಿಟರ್ ಪ್ಯಾನೆಲ್ ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲದಿರಬಹುದು. ಲೋಡ್ 200 ಕಿ.ವ್ಯಾ., 0.95 ಇದ್ದರೆ ರಿಯಾಕ್ಟಿವ್ (ಕೆಲಸ ಮಾಡದೆ ಹೋಗಿ ಬರುವ ಪಾಲು) 66 ಕೆವಿಎಆರ್. ಸೋಲಾರ್ 150 ಕಿ.ವ್ಯಾ. ಕೊಟ್ಟಾಗ ಗ್ರಿಡ್ಡಿನಿಂದ ಬರುವುದು ಬರೀ 50 ಕಿ.ವ್ಯಾ., ಆದರೆ ಅದೇ 66 ಕೆವಿಎಆರ್. ಮೀಟರ್ ಕಾಣುವುದು 0.60. ಎಪಿಎಫ್‌ಸಿಯ (ಕೆಪಾಸಿಟರುಗಳನ್ನು ತಾನಾಗಿ ಹಾಕಿ ತೆಗೆಯುವ ಪ್ಯಾನೆಲ್) ಸಿಟಿ ಲೋಡ್ ಕಡೆಯಿದ್ದರೆ ಅದಕ್ಕೆ 0.95 ಕಾಣುತ್ತದೆ, ಸುಮ್ಮನಿರುತ್ತದೆ. ಸಿಟಿಯನ್ನು ಟ್ರಾನ್ಸ್‌ಫಾರ್ಮರ್ ಇನ್‌ಕಮರಿಗೆ, ಸೋಲಾರ್ ಸೇರುವ ಜಾಗಕ್ಕಿಂತ ಮೇಲೆ ಬದಲಾಯಿಸಿ. 5, 10 ಕೆವಿಎಆರ್‌ನ ಸಣ್ಣ ಹಂತಗಳನ್ನು ಸೇರಿಸಿ. ಇನ್ವರ್ಟರುಗಳಿಗೆ ರಿಯಾಕ್ಟಿವ್ ಕೊಡುವ ಸೌಲಭ್ಯವಿದ್ದರೆ ಅದನ್ನೂ ಬಳಸಿಕೊಳ್ಳಿ.

ಪ್ರಶ್ನೆ: ಜನರೇಟರ್ ಮತ್ತು ಮೈನ್ ಎಸಿಬಿ ಮೂರು ಪೋಲ್ ಸಾಕೇ, ನಾಲ್ಕು ಬೇಕೇ? (ಎಲೆಕ್ಟ್ರಿಕಲ್ ಗುತ್ತಿಗೆದಾರರು, ಸುರತ್ಕಲ್)

ಉತ್ತರ: ಟ್ರಾನ್ಸ್‌ಫಾರ್ಮರಿಗೂ ಜನರೇಟರಿಗೂ ನ್ಯೂಟ್ರಲ್ ಬೇರೆ ಬೇರೆಯಾಗಿ ಅರ್ಥ್ ಆಗಿದ್ದರೆ ನಾಲ್ಕು ಪೋಲ್, ಅಂದರೆ ಮೂರು ಫೇಸಿನ ಜೊತೆ ನ್ಯೂಟ್ರಲನ್ನೂ ಕಡಿಯುವ ಬ್ರೇಕರ್. ಮೂರು ಪೋಲ್ ಹಾಕಿದರೆ ನ್ಯೂಟ್ರಲ್ ಕರೆಂಟಿನ ಒಂದು ಪಾಲು ಜನರೇಟರಿನ ಅರ್ಥ್ ಮೂಲಕ ಸುತ್ತುತ್ತದೆ, ಅರ್ಥ್ ಫಾಲ್ಟ್ ರಿಲೇ ಕಾರಣವಿಲ್ಲದೆ ಬೀಳುತ್ತದೆ, ನಿಂತಿರುವ ಜನರೇಟರಿನ ನ್ಯೂಟ್ರಲಿನಲ್ಲೂ ಕರೆಂಟು ಹರಿಯುತ್ತಿರುತ್ತದೆ. ನಾಲ್ಕನೇ ಪೋಲ್ ಮುಚ್ಚುವಾಗ ಫೇಸಿಗಿಂತ ಮೊದಲು, ತೆರೆಯುವಾಗ ನಂತರ ಎಂಬ ಕ್ರಮ ಇರುವ ಬ್ರೇಕರ್ ತರಿಸಿ. ಎರಡರ ನಡುವೆ ಎಲೆಕ್ಟ್ರಿಕಲ್ ಇಂಟರ್‌ಲಾಕ್ ಮಾತ್ರ ಸಾಲದು, ಮೆಕ್ಯಾನಿಕಲ್ ಅಥವಾ ಕೀಲಿ ಇಂಟರ್‌ಲಾಕ್ ಕೂಡ ಇರಲಿ. ಮೆಸ್ಕಾಂನ ಲೈನ್‌ಮ್ಯಾನ್ ಕಂಬ ಹತ್ತಿದಾಗ ನಿಮ್ಮ ಜನರೇಟರ್ ಅದೇ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ 11 ಕೆ.ವಿ. ಕಳಿಸದಂತೆ ತಡೆಯುವುದು ಆ ಇಂಟರ್‌ಲಾಕ್.